ಹದಿನಾರು ವರ್ಷ ಪಳಗಿದ ಕೈಗೆ ಹೊಸ ವಿದ್ಯೆ ಹತ್ತುವುದು ಹೇಗೆ?

ಪ್ರಶ್ನೆ: ನಾನು ಗದಗ ಕಡೆಯವನು. ಐಟಿಐ ಮುಗಿಸಿ ಪುಣೆಗೆ ಬಂದು 16 ವರ್ಷವಾಯಿತು. ಭೋಸರಿಯ ಒಂದು ವರ್ಕ್‌ಶಾಪಿನಲ್ಲಿ ವಿಎಂಸಿ (ಪ್ರೋಗ್ರಾಮ್ ಪ್ರಕಾರ ಲೋಹ ಕತ್ತರಿಸುವ ಮಷೀನ್) ಸೆಟ್ಟರ್ ಆಗಿದ್ದೇನೆ. ಈಗ ಕಂಪನಿ ಐದು ಆಕ್ಸಿಸ್ ಮಷೀನ್, ಅಂದರೆ ಓರೆ ಮಾಡಿ ತಿರುಗಿಸಿಯೂ ಕತ್ತರಿಸುವಂಥದ್ದು, ತರಿಸಿದೆ. ಡಿಪ್ಲೊಮಾ ಮುಗಿಸಿದ ಹುಡುಗನೊಬ್ಬ ಕಂಪ್ಯೂಟರಿನಲ್ಲಿ ಪ್ರೋಗ್ರಾಮ್ ಮಾಡಿ ಕೊಡುತ್ತಾನೆ, ನಾನು ಬರೀ ಜಾಬ್ (ಕತ್ತರಿಸಬೇಕಾದ ಲೋಹದ ತುಂಡು) ಮಷೀನಿಗೆ ಕಟ್ಟುತ್ತೇನೆ. ಎರಡು ಆನ್‌ಲೈನ್ ಕೋರ್ಸ್ ಸೇರಿ ಅರ್ಧಕ್ಕೇ ಬಿಟ್ಟೆ. ವಿಡಿಯೋ ನೋಡುವಾಗ ಎಲ್ಲ ತಿಳಿದ ಹಾಗೆ ಅನ್ನಿಸುತ್ತದೆ, ಮಷೀನ್ ಮುಂದೆ ನಿಂತರೆ ಒಂದೂ ನೆನಪಿರುವುದಿಲ್ಲ. ವಯಸ್ಸು 39. ಗುರುವಾರ ರಜೆ, ವಾರಕ್ಕೊಮ್ಮೆ ಶಿಫ್ಟ್ ಬದಲು. ಕೆಲಸದಲ್ಲಿ ನಿಪುಣರಾದವರು ಮತ್ತೆ ಹೊಸದನ್ನು ಹೇಗೆ ಕಲಿಯುತ್ತಾರೆ? ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?

ಉತ್ತರ: ಗಾದೆಯನ್ನು ಮೊದಲು ಪಕ್ಕಕ್ಕಿಡೋಣ. ಮುಂಬೈಯಲ್ಲಿ ಹಗಲೆಲ್ಲ ಹೋಟೆಲಿನಲ್ಲಿ ದುಡಿದು, ಸಂಜೆ ಕನ್ನಡದ ರಾತ್ರಿ ಶಾಲೆಯಲ್ಲಿ ಕೂತು ಓದಿ ಮುಂದೆ ಬಂದವರು ನಮ್ಮ ಜನವೇ. ಆದರೆ ಅವರ ಕಷ್ಟ ಬೇರೆ, ನಿಮ್ಮದು ಬೇರೆ. ಅವರು ಗೊತ್ತಿಲ್ಲದ್ದನ್ನು ತುಂಬಿಕೊಳ್ಳಬೇಕಿತ್ತು. ನಿಮಗೆ ಗೊತ್ತಿರುವುದೇ ದಾರಿಗೆ ಅಡ್ಡ ನಿಂತಿದೆ. 39 ಏನೂ ದೊಡ್ಡ ವಯಸ್ಸಲ್ಲ, 16 ವರ್ಷದ ರೂಢಿ ಮಾತ್ರ ನಿಜಕ್ಕೂ ದೊಡ್ಡದು.

ಇದನ್ನು ಕಣ್ಣಿಗೆ ಕಟ್ಟುವ ಹಾಗೆ ತೋರಿಸುವ ಒಂದು ಹಳೆಯ ಪ್ರಯೋಗವಿದೆ. 1942ರಲ್ಲಿ ಅಬ್ರಹಾಂ ಲುಚಿನ್ಸ್ ಎಂಬ ಮನಶ್ಶಾಸ್ತ್ರಜ್ಞರು ಪ್ರಕಟಿಸಿದ್ದು. ಮೂರು ಪಾತ್ರೆಗಳಿವೆ: ಒಂದು 21 ಅಳತೆ ನೀರು ಹಿಡಿಯುತ್ತದೆ, ಒಂದು 127, ಇನ್ನೊಂದು 3. ಬೇಕಾದದ್ದು 100 ಅಳತೆ. 127ರದ್ದನ್ನು ತುಂಬಿ, ಅದರಿಂದ 21ರದ್ದನ್ನು ಒಮ್ಮೆ, 3ರದ್ದನ್ನು ಎರಡು ಸಲ ತುಂಬಿ ತೆಗೆದರೆ 100 ಉಳಿಯುತ್ತದೆ. ಇದೇ ಉಪಾಯಕ್ಕೆ ಬಗ್ಗುವ ಲೆಕ್ಕಗಳನ್ನು ಸಾಲಾಗಿ ಮಾಡಿಸಿ, ಆಮೇಲೆ 23, 49, 3ರ ಪಾತ್ರೆ ಕೊಟ್ಟು 20 ಅಳೆಯಲು ಹೇಳಿದರು. 23ರಿಂದ 3 ತೆಗೆದರೆ ಆಯಿತು, ಒಂದೇ ಹೆಜ್ಜೆ. ಆದರೂ ರೂಢಿ ಬಿದ್ದವರಲ್ಲಿ ಹೆಚ್ಚಿನವರು 49 ತುಂಬಿ, 23 ತೆಗೆದು, ಮತ್ತೆ ಎರಡು ಸಲ 3 ತೆಗೆದು 20 ಮಾಡಿದರು. ಉತ್ತರ ಸರಿಯೇ ಬಂತು, ಆದ್ದರಿಂದ ತಾವು ಸುತ್ತು ದಾರಿ ಹಿಡಿದದ್ದು ಅವರಿಗೆ ಗೊತ್ತೇ ಆಗಲಿಲ್ಲ. ಮೊದಲಿನ ಲೆಕ್ಕಗಳನ್ನು ಮಾಡದೆ ನೇರ ಇದಕ್ಕೇ ಬಂದವರಿಗೆ ಸುಲಭದ ದಾರಿ ಕಂಡಿತು. ಚೆಸ್ ಆಟಗಾರರ ಮೇಲೆ 2008ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಕಣ್ಣಿನ ಚಲನೆಯನ್ನೇ ಅಳೆದು ನೋಡಿದರು. ಪರಿಚಿತ ಪರಿಹಾರ ಹೊಳೆದ ಮೇಲೆ ಆಟಗಾರರು ‘ಇದಕ್ಕಿಂತ ಒಳ್ಳೆಯ ನಡೆ ಹುಡುಕುತ್ತಿದ್ದೇವೆ’ ಎಂದರು. ಅವರ ಕಣ್ಣು ಮಾತ್ರ ಮೊದಲು ಹೊಳೆದ ನಡೆಯ ಮನೆಗಳಲ್ಲೇ ಸುತ್ತುತ್ತಿತ್ತು.

ಐದು ಆಕ್ಸಿಸ್ ಮಷೀನ್ ಬಂದ ವರ್ಕ್‌ಶಾಪುಗಳಲ್ಲಿ ಇದೇ ಆಗುತ್ತದೆ. ಒಂದೇ ಸಲ ಕಟ್ಟಿ ಐದು ಮುಖ ಮುಗಿಸಬಹುದಾದ ಜಾಬನ್ನು ಹಳೆಯ ಕೈ ಆರು ಸಲ ಬಿಚ್ಚಿ ಕಟ್ಟುತ್ತದೆ, ಪ್ರತಿ ಸಲ ಡಯಲ್ ಹಿಡಿದು ಝೀರೋ (ಅಳತೆ ಶುರುವಾಗುವ ಬಿಂದು) ತೆಗೆಯುತ್ತದೆ. ಜಾಬ್ ಸರಿಯಾಗಿಯೇ ಬರುವುದರಿಂದ ಯಾರೂ ಪ್ರಶ್ನೆ ಮಾಡುವುದಿಲ್ಲ. ಹಾಗಾಗಿ ನಿಮ್ಮಂಥವರು ಕಲಿಯುವಾಗ ಮಾಡಬೇಕಾದ ಮೊದಲ ಕೆಲಸ, ಕೈ ಉತ್ತರ ಕೊಡುವ ಮೊದಲು ಅದನ್ನು ಅರೆಗಳಿಗೆ ತಡೆಯುವುದು. ತಡೆಯಲು ನನಗೆ ಗೊತ್ತಿರುವ ಒಳ್ಳೆಯ ಸಾಧನ ಪೆನ್ನು.

ಒಂದು 200 ಪುಟದ ನೋಟ್‌ಬುಕ್ ತನ್ನಿ. ಪುಟವನ್ನು ನಾಲ್ಕು ಕಾಲಂ ಮಾಡಿ: ಜಾಬ್, ನನ್ನ ಅಂದಾಜು, ಬಂದದ್ದು, ಕಾರಣ. ಸೈಕಲ್ ಸ್ಟಾರ್ಟ್ ಒತ್ತುವ ಮೊದಲು ಅಂದಾಜನ್ನು ಅಂಕಿಯಲ್ಲಿ ಬರೆಯಿರಿ. ‘ಚೆನ್ನಾಗಿ ಬರುತ್ತೆ’ ಎಂದು ಬರೆದರೆ ಪ್ರಯೋಜನವಿಲ್ಲ. ‘ಬೋರ್ (ರಂಧ್ರ) 25.012 ಬರುತ್ತದೆ’, ‘ಸೈಕಲ್ ಟೈಮ್ 14 ನಿಮಿಷ’, ‘ಈ ಇನ್ಸರ್ಟ್ (ಕತ್ತರಿಸುವ ಬಿಲ್ಲೆ) ಇನ್ನೂ 40 ಜಾಬ್ ಎಳೆಯುತ್ತದೆ’ ಎಂಬಂತಿರಲಿ. ಜಾಬ್ ಇಳಿದ ಮೇಲೆ ಅಳೆದು ಪಕ್ಕದಲ್ಲಿ ಬರೆಯಿರಿ. ಅಂದಾಜು ತಪ್ಪಿದ ಸಾಲಿಗೆ ಮಾತ್ರ ಕಾರಣ ಹುಡುಕಿ. ದಿನಕ್ಕೆ ಎರಡು ಸಾಲು ಸಾಕು.

ಇದು ಚಿಕ್ಕ ಕೆಲಸದಂತೆ ಕಾಣುತ್ತದೆ, ಫಲ ಮಾತ್ರ ಚಿಕ್ಕದಲ್ಲ. ಅಲ್ಯೂಮಿನಿಯಂ ಜಾಬ್ ಒಂದನ್ನು ಶಾಪ್ ಫ್ಲೋರಿನಲ್ಲಿ ಮೈಕ್ರೋಮೀಟರ್ ಹಿಡಿದು ಅಳೆದಿರಿ, 100.018 ತೋರಿಸಿತು. ಸಿಎಂಎಂ (ನಿಖರವಾಗಿ ಅಳೆಯುವ ಮಷೀನ್) ರೂಮಿನವರು ಮಾರನೇ ದಿನ 100.000 ಎಂದು ರಿಪೋರ್ಟ್ ಕೊಟ್ಟರು. ಸಾಮಾನ್ಯವಾಗಿ ಇಲ್ಲಿ ಕ್ಯೂಸಿಯವರ (ಗುಣಮಟ್ಟ ಪರೀಕ್ಷಿಸುವವರ) ಜೊತೆ ಜಗಳವಾಗಿ ಮುಗಿಯುತ್ತದೆ. ನೋಟ್‌ಬುಕ್ ಇದ್ದರೆ ಕಾರಣ ಬರೆಯಲೇಬೇಕು. ಅಳತೆಗೆ ಆಧಾರದ ಉಷ್ಣತೆ 20 ಡಿಗ್ರಿ, ಸಿಎಂಎಂ ರೂಮಿನದೂ ಅಷ್ಟೇ. ನಿಮ್ಮ ಫ್ಲೋರು ಆ ದಿನ 36 ಡಿಗ್ರಿ. ಒಂದು ಡಿಗ್ರಿಗೆ ಒಂದು ಮೀಟರ್ ಉಕ್ಕು ಸುಮಾರು 11.5 ಮೈಕ್ರಾನ್ ಹಿಗ್ಗುತ್ತದೆ, ಅಲ್ಯೂಮಿನಿಯಂ ಸುಮಾರು 23. ಉಕ್ಕಿನ ಮೈಕ್ರೋಮೀಟರೂ ಹಿಗ್ಗಿದೆ, ಜಾಬ್ ಅದಕ್ಕಿಂತ ಹೆಚ್ಚು ಹಿಗ್ಗಿದೆ. ವ್ಯತ್ಯಾಸ 11.5, ಅದನ್ನು 16 ಡಿಗ್ರಿಯಿಂದಲೂ 0.1 ಮೀಟರಿನಿಂದಲೂ ಗುಣಿಸಿದರೆ 18.4 ಮೈಕ್ರಾನ್. ಲೆಕ್ಕ ಕೂಡಿಬಂತು. ಈ ಪಾಠವನ್ನು ಪುಸ್ತಕದಲ್ಲಿ ಹತ್ತು ಸಲ ಓದಿದರೂ ಮರೆಯುತ್ತೀರಿ, ನಿಮ್ಮದೇ ಜಾಬಿನ ಅಂದಾಜು ತಪ್ಪಿ ಸಿಕ್ಕಿದ್ದನ್ನು ಮರೆಯುವುದು ಕಷ್ಟ.

ವಿಡಿಯೋ ನೋಡುವಾಗ ತಿಳಿದಂತೆ ಅನ್ನಿಸಿ ಆಮೇಲೆ ಮಾಯವಾಗುವುದಕ್ಕೂ ಕಾರಣ ಇಲ್ಲಿಯೇ ಇದೆ. ಕಣ್ಣೆದುರು ಇರುವುದನ್ನು ಗುರುತಿಸುವುದು ಒಂದು, ಖಾಲಿ ಹಾಳೆಯ ಮುಂದೆ ನೆನಪಿನಿಂದ ತೆಗೆಯುವುದು ಇನ್ನೊಂದು. ರೋಡಿಗರ್ ಮತ್ತು ಕಾರ್ಪಿಕಿ ಎಂಬ ಮನಶ್ಶಾಸ್ತ್ರಜ್ಞರು 2006ರಲ್ಲಿ ವಿದ್ಯಾರ್ಥಿಗಳ ಗುಂಪು ಮಾಡಿ ನೋಡಿದರು. ಒಂದು ಗುಂಪು ಪಾಠವನ್ನು ಮತ್ತೆ ಮತ್ತೆ ಓದಿತು, ಇನ್ನೊಂದು ಒಮ್ಮೆ ಓದಿ ಪುಸ್ತಕ ಮುಚ್ಚಿ ನೆನಪಿನಿಂದ ಬರೆಯಿತು. ಐದು ನಿಮಿಷದ ನಂತರ ಓದಿದವರೇ ಮುಂದು. ವಾರದ ನಂತರ ಬರೆದವರು ಮುಂದು. ನಿಮಗೆ ಬೇಕಾದದ್ದು ವಾರದ ನಂತರದ್ದು. ಆದ್ದರಿಂದ 10 ನಿಮಿಷದ ವಿಡಿಯೋ ನೋಡಿದರೆ ಫೋನ್ ಮಗುಚಿಟ್ಟು 10 ನಿಮಿಷ ಬರೆಯಿರಿ. ಎಲ್ಲಿ ಪೆನ್ನು ನಿಲ್ಲುತ್ತದೋ ಅಷ್ಟನ್ನೇ ಮತ್ತೆ ನೋಡಿ. ಅದೇ ವಿಷಯವನ್ನು ಮಾರನೇ ದಿನ, ಮೂರು ದಿನ ಬಿಟ್ಟು, ವಾರ ಬಿಟ್ಟು, ಮೂರು ವಾರ ಬಿಟ್ಟು ಒಂದೊಂದು ಸಲ ನೆನಪಿನಿಂದ ತೆಗೆಯಿರಿ. ಪ್ರತಿ ಸಲವೂ ಮೂರ್ನಾಲ್ಕು ನಿಮಿಷ ಹಿಡಿಯುತ್ತದೆ, ಅಷ್ಟೇ. ಟಿಪ್ಪಣಿ ಕನ್ನಡದಲ್ಲೇ ಇರಲಿ. ಫ್ಲೋರಿನಲ್ಲಿ ಮರಾಠಿ, ಹಿಂದಿ, ಡ್ರಾಯಿಂಗಿನಲ್ಲಿ ಇಂಗ್ಲಿಷ್, ಇದೆಲ್ಲ ಇದ್ದದ್ದೇ. ‘ಪರ್ಪೆಂಡಿಕ್ಯುಲಾರಿಟಿ 0.02’ ಎಂಬುದನ್ನು ‘ಈ ಮುಖ ತಳಕ್ಕೆ ಲಂಬವಾಗಿ 0.02 ಅಂತರದ ಎರಡು ಗೋಡೆಗಳ ನಡುವೆ ಇರಬೇಕು’ ಎಂದು ನಿಮ್ಮ ಮಾತಿನಲ್ಲಿ ಬರೆಯಲು ಬಂದರೆ ಅರ್ಥವಾಗಿದೆ ಎಂದು ಲೆಕ್ಕ.

ಕೋರ್ಸ್ ಅರ್ಧಕ್ಕೆ ಬಿಟ್ಟದ್ದಕ್ಕೆ ಬೇಸರ ಬೇಡ. ಅನುಭವಿಗೆ ಎಲ್ಲವನ್ನೂ ಬಿಡಿಸಿ ಹೇಳುವ ಪಾಠ ಬೇಸರ ತರುವುದಷ್ಟೇ ಅಲ್ಲ, ಅಡ್ಡಿಯೂ ಆಗುತ್ತದೆ ಎಂದು ಮನಶ್ಶಾಸ್ತ್ರಜ್ಞ ಜಾನ್ ಸ್ವೆಲ್ಲರ್ ಮತ್ತು ಸಂಗಡಿಗರು 2003ರಲ್ಲಿ ವಿವರಿಸಿದ್ದಾರೆ. ಅದೇ ಬಿಡಿಸಿ ಹೇಳಿದ ಪಾಠ ಹೊಸಬನಿಗೆ ಅತ್ಯಗತ್ಯ. ನೀವು ಏಕಕಾಲಕ್ಕೆ ಎರಡೂ ಆಗಿದ್ದೀರಿ. ಕಟಿಂಗ್, ಫಿಕ್ಸ್ಚರ್ (ಜಾಬ್ ಹಿಡಿಯುವ ಸಾಧನ), ಆಫ್‌ಸೆಟ್ (ಅಳತೆಯ ತಿದ್ದುಪಡಿ) ವಿಷಯದಲ್ಲಿ ಪಳಗಿದವರು, ಮಷೀನಿಗೆ ಪ್ರೋಗ್ರಾಮ್ ಮಾಡುವ ಕ್ಯಾಮ್ ಸಾಫ್ಟ್‌ವೇರಿನಲ್ಲಿ ಒಂದನೇ ತರಗತಿ. ಗೊತ್ತಿರುವ ಭಾಗದಲ್ಲಿ ಪಾಠ ಕೇಳಲು ಕೂರಬೇಡಿ, ನೇರ ಲೆಕ್ಕ ಬಿಡಿಸಿ. ಗೊತ್ತಿಲ್ಲದ ಭಾಗದಲ್ಲಿ ನೇರ ಜಾಬಿಗೆ ಹಾರಬೇಡಿ, ಯಾರೋ ಮಾಡಿಟ್ಟ ಪೂರ್ತಿ ಪ್ರೋಗ್ರಾಮನ್ನು ಸಾಲು ಸಾಲಾಗಿ ಬಿಡಿಸಿ ಓದಿ.

ಈಗ, ಏನನ್ನು ಕಲಿಯಬೇಕು? ಹೆಚ್ಚಿನವರು ಮೊದಲು ಕ್ಯಾಮ್‌ಗೆ ಓಡುತ್ತಾರೆ. ನನ್ನ ಸಲಹೆ ಬೇರೆ. ಮೊದಲ ಆರು ವಾರ ಜಿಡಿ ಆಂಡ್ ಟಿ, ಅಂದರೆ ಡ್ರಾಯಿಂಗಿನ ಆಕಾರ ಮತ್ತು ಸ್ಥಾನದ ಟಾಲರೆನ್ಸ್ (ಎಷ್ಟು ವ್ಯತ್ಯಾಸ ಸಲ್ಲುತ್ತದೆ ಎಂಬ) ಭಾಷೆಯನ್ನು ಕಲಿಯಿರಿ. ಸಾಫ್ಟ್‌ವೇರಿನ ಬಟನ್ ಎರಡು ವರ್ಷಕ್ಕೊಮ್ಮೆ ಜಾಗ ಬದಲಿಸುತ್ತದೆ, ಆದರೆ ಡ್ರಾಯಿಂಗ್ ಓದಲು ಬಂದವನ ಮಾತಿಗೆ ಪ್ಲಾನಿಂಗ್, ಕ್ಯೂಸಿ, ಗಿರಾಕಿ ಮೂವರೂ ಕಿವಿಗೊಡುತ್ತಾರೆ. ಐದು ಆಕ್ಸಿಸ್ಸಿಗೆ ಬರುವ ಜಾಬುಗಳ ಡ್ರಾಯಿಂಗ್ ತುಂಬ ಈ ಚಿಹ್ನೆಗಳೇ ಇರುತ್ತವೆ.

ಪುಣೆ ಹತ್ತಿರದ ಚಾಕಣದ ಕಂಪನಿಗಳಿಗೆ ಸಪ್ಲೈ ಮಾಡುವ ವರ್ಕ್‌ಶಾಪಿಗೆ ಅಮೆರಿಕದ ಡ್ರಾಯಿಂಗೂ ಬರುತ್ತದೆ, ಜರ್ಮನಿಯದೂ ಬರುತ್ತದೆ. ಎರಡರಲ್ಲೂ 12 ಮಿಮೀ ಪಿನ್ 80 ಉದ್ದ, ವ್ಯಾಸ 11.95ರಿಂದ 12.00 ಎಂದಿದೆ ಎಂದುಕೊಳ್ಳಿ. ಎಎಸ್‌ಎಂಇ ವೈ 14.5 ಎಂಬ ಮಾನದಂಡದ ಪ್ರಕಾರ ಬರೆದ ಅಮೆರಿಕದ ಡ್ರಾಯಿಂಗಿನಲ್ಲಿ ಮೊದಲ ನಿಯಮ ತಾನಾಗಿಯೇ ಅನ್ವಯಿಸುತ್ತದೆ: ಪಿನ್ ಎಲ್ಲ ಕಡೆ 12.00 ಇದ್ದರೆ ಅದು ಪೂರ್ತಿ ನೇರವಾಗಿರಬೇಕು, 12.00ರ ಪೂರ್ಣ ಉದ್ದದ ಕೊಳವೆಯೊಳಗೆ ಹೋಗಬೇಕು. ಐಎಸ್‌ಒ 8015 ಎಂಬ ಮಾನದಂಡದ ಪ್ರಕಾರದ ಜರ್ಮನಿಯ ಡ್ರಾಯಿಂಗಿನಲ್ಲಿ ಅಳತೆ ಬೇರೆ, ಆಕಾರ ಬೇರೆ. ವೃತ್ತದೊಳಗೆ ‘ಇ’ ಅಕ್ಷರವಿಲ್ಲದಿದ್ದರೆ, ಪ್ರತಿ ಜಾಗದಲ್ಲೂ 12.00 ಇರುವ ಪಿನ್ ಸ್ವಲ್ಪ ಬಾಗಿದ್ದರೂ ಅಳತೆಯ ಮಟ್ಟಿಗೆ ಪಾಸು. ಬಾಗನ್ನು ಬೇರೆ ಟಾಲರೆನ್ಸ್ ನೋಡಿಕೊಳ್ಳಬೇಕು. ನಿಮ್ಮ ಕೈಯಲ್ಲಿರುವ ಮೈಕ್ರೋಮೀಟರ್ ಎರಡು ಬಿಂದುಗಳ ನಡುವೆ ಅಳೆಯುತ್ತದೆ, ಹಾಗಾಗಿ ಬಾಗಿದ ಪಿನ್ನಿಗೂ ನೆಟ್ಟಗಿನ ಪಿನ್ನಿಗೂ ಒಂದೇ ಅಂಕಿ ಕೊಡುತ್ತದೆ. ಎಲ್ಲ ಅಳತೆ ಸರಿಯಿದ್ದೂ ಅಸೆಂಬ್ಲಿಯಲ್ಲಿ ಜಾಮ್ ಆಗಿ ಲಾಟ್ ವಾಪಸ್ ಬರುವುದು ಹೀಗೆ. ಸರ್ಫೇಸ್ ಪ್ಲೇಟಿನ (ಪೂರ್ತಿ ಸಮತಟ್ಟಾದ ಹಾಸು) ಮೇಲೆ ಉರುಳಿಸಿ ನೋಡಿ, ಇಲ್ಲವೇ ಪೂರ್ಣ ಉದ್ದದ ರಿಂಗ್ ಗೇಜಿನಲ್ಲಿ ಹಾಕಿ ನೋಡಿ, ಆಗ ಗೊತ್ತಾಗುತ್ತದೆ.

ರಂಧ್ರದ ಸ್ಥಾನದ ಲೆಕ್ಕವನ್ನೂ ಬೆರಳ ತುದಿಯಲ್ಲಿ ಇಟ್ಟುಕೊಳ್ಳಿ. ಎಕ್ಸ್ ಕಡೆ 0.06, ವೈ ಕಡೆ 0.08 ಸರಿದಿದ್ದರೆ ಕೇಂದ್ರ ಸರಿದದ್ದು 0.10, ಪೊಸಿಷನ್ ಅದರ ಎರಡು ಪಟ್ಟು, 0.20. ಈ ‘ಎರಡು ಪಟ್ಟು’ ಮರೆತು ಅರ್ಧ ಅಂಕಿ ಬರೆದು ಪಾಸು ಮಾಡುವುದು ತೀರಾ ಸಾಮಾನ್ಯ ತಪ್ಪು. ಟಾಲರೆನ್ಸ್ ವೃತ್ತದ ವ್ಯಾಸವಾಗಿರುವುದರಿಂದ ದ್ವಿಗುಣ ಮಾಡಬೇಕು. ಟಾಲರೆನ್ಸಿನ ಪಕ್ಕ ವೃತ್ತದೊಳಗೆ ‘ಎಂ’ ಇದ್ದರೆ ಬೋನಸ್ ಸಿಗುತ್ತದೆ: ರಂಧ್ರ 10.0ರಿಂದ 10.2, ಪೊಸಿಷನ್ 0.2 ಇದ್ದು, ರಂಧ್ರ 10.12 ಬಂದಿದ್ದರೆ ನಿಮಗೆ 0.2ಕ್ಕೆ ಈ ಹೆಚ್ಚಿನ 0.12 ಕೂಡಿ 0.32ರವರೆಗೆ ಅವಕಾಶ. ಇದು ತಿಳಿಯದೆ ಒಳ್ಳೆಯ ಜಾಬನ್ನು ಕೆಂಪು ಡಬ್ಬಕ್ಕೆ ಎಸೆಯುವವರಿದ್ದಾರೆ. ಈ ಭಾಷೆಯೂ ನಿಂತ ನೀರಲ್ಲ. ವೈ 14.5ರ 2018ರ ಆವೃತ್ತಿಯಲ್ಲಿ ಕಾನ್ಸೆಂಟ್ರಿಸಿಟಿ (ಏಕಕೇಂದ್ರತೆ) ಮತ್ತು ಸಿಮ್ಮೆಟ್ರಿ (ಸಮಮಿತಿ) ಚಿಹ್ನೆಗಳನ್ನೇ ತೆಗೆದುಹಾಕಿದರು. ಡ್ರಾಯಿಂಗಿನ ಟೈಟಲ್ ಬ್ಲಾಕಿನಲ್ಲಿ ಯಾವ ಆವೃತ್ತಿ ಎಂದು ನೋಡುವುದನ್ನು ಮೊದಲ ಅಭ್ಯಾಸ ಮಾಡಿಕೊಳ್ಳಿ.

ಆಮೇಲಿನದು ಕಟಿಂಗ್ ಲೆಕ್ಕ. ನೀವು ಶಬ್ದ ಕೇಳಿ ಫೀಡ್ (ಟೂಲ್ ಮುಂದೆ ಸಾಗುವ ವೇಗ) ಏರಿಸಿ ಇಳಿಸಿ ಮಾಡುತ್ತೀರಿ, ಇನ್ಸರ್ಟ್ ಯಾವಾಗ ಬದಲಿಸಬೇಕೆಂದು ಕಿವಿಗೇ ಗೊತ್ತು. ಇದು ದೊಡ್ಡ ಆಸ್ತಿ, ಆದರೆ ಬಾಯಲ್ಲಿ ಹೇಳಲು ಬಾರದ ಆಸ್ತಿ. ಶಬ್ದ ಬದಲಾಗಿದೆ ಅನ್ನಿಸಿದಾಗ ಇನ್ಸರ್ಟ್ ತೆಗೆದು 10 ಪಟ್ಟಿನ ಲೆನ್ಸಿನಲ್ಲಿ ಅಂಚಿನ ಸವೆತ ನೋಡಿ, ಅಂದಾಜು ಎಷ್ಟಿತ್ತು, ಇರುವುದೆಷ್ಟು ಬರೆಯಿರಿ. ಪಕ್ಕೆ ಒಂದೇ ಸಮನಾಗಿ ಸುಮಾರು 0.3 ಮಿಮೀ ಸವೆದರೆ ಟೂಲಿನ ಆಯುಷ್ಯ ಮುಗಿಯಿತು ಎಂಬುದು ಪರೀಕ್ಷೆಗಳಲ್ಲಿ ಹಿಡಿಯುವ ವಾಡಿಕೆಯ ಗೆರೆ. ತಿಂಗಳೊಳಗೆ ನಿಮ್ಮ ಕಿವಿಗೆ ಅಂಕಿ ಅಂಟಿಕೊಳ್ಳುತ್ತದೆ.

ರೂಢಿಗೆ ನೇರ ಪೆಟ್ಟು ಕೊಡುವ ಒಂದು ಲೆಕ್ಕ ಇಲ್ಲಿದೆ. 10 ಮಿಮೀ, ನಾಲ್ಕು ಹಲ್ಲಿನ ಕಾರ್ಬೈಡ್ ಎಂಡ್ ಮಿಲ್ ಟೂಲ್, ಇಎನ್ 8 ಉಕ್ಕು, ಕಟಿಂಗ್ ಸ್ಪೀಡ್ ನಿಮಿಷಕ್ಕೆ 120 ಮೀಟರ್. ಸುತ್ತು: 120ನ್ನು 1000ದಿಂದ ಗುಣಿಸಿ, 3.1416 ಮತ್ತು 10ರಿಂದ ಭಾಗಿಸಿದರೆ ಸುಮಾರು 3820. ಹಲ್ಲಿಗೆ 0.05 ಫೀಡ್ ಎಂದರೆ 0.05 × 4 × 3820 = ನಿಮಿಷಕ್ಕೆ 764 ಮಿಮೀ. ಟೂಲ್ ಪಕ್ಕದಿಂದ ಕನಿಷ್ಠ ಅರ್ಧ ವ್ಯಾಸ ಕಚ್ಚುವಾಗ ಇದು ಸರಿ. ಹುಡುಗ ತಂದ ಹೊಸ ಟೂಲ್‌ಪಾಥ್‌ನಲ್ಲಿ (ಟೂಲ್ ಸಾಗುವ ದಾರಿ) ಪಕ್ಕದ ಕಚ್ಚು ಬರೀ 1 ಮಿಮೀ, ಅಂದರೆ ವ್ಯಾಸದ ಶೇ. 10, ಆದರೆ ಫೀಡ್ 1270ರ ಸುಮಾರು ಇಟ್ಟಿದ್ದಾನೆ. ಹಳೆಯ ಕೈ ತಕ್ಷಣ ಓವರ್‌ರೈಡ್ (ವೇಗ ಏರಿಳಿಸುವ ಗುಂಡಿ) ತಿರುಗಿಸಿ ಶೇ. 60ಕ್ಕೆ ಇಳಿಸುತ್ತದೆ. ಟೂಲ್ ಉಳಿಸಿದೆ ಅನ್ನಿಸುತ್ತದೆ, ಆಗಿರುವುದು ಉಲ್ಟಾ. ಪಕ್ಕದ ಕಚ್ಚು ಶೇ. 10 ಇದ್ದಾಗ ಚಿಪ್ಪಿನ (ಕತ್ತರಿಸಿ ಬರುವ ಲೋಹದ ಚೂರಿನ) ಅತಿ ಹೆಚ್ಚಿನ ದಪ್ಪ ಹಲ್ಲಿನ ಫೀಡಿನ ಶೇ. 60 ಮಾತ್ರ. 0.05 ಕೊಟ್ಟರೆ ಚಿಪ್ಪು 0.03 ದಪ್ಪವಷ್ಟೇ ಬರುತ್ತದೆ; ಅಂಚು ಕತ್ತರಿಸುವ ಬದಲು ಉಜ್ಜುತ್ತದೆ, ಬಿಸಿ ಹೆಚ್ಚಿ ಕೋಟಿಂಗ್ ಬೇಗ ಹೋಗುತ್ತದೆ. ಆದ್ದರಿಂದ ಫೀಡನ್ನು 0.6ರಿಂದ ಭಾಗಿಸಿ 0.083ಕ್ಕೆ ಏರಿಸಬೇಕು, ಆಗ ಬರುವುದೇ ಆ 1270. ಕಚ್ಚು ಶೇ. 5ಕ್ಕೆ ಇಳಿದರೆ 2.3 ಪಟ್ಟು ಏರಿಸಬಹುದು. ಏರಿಸುವಾಗ ಒಂದು ಎಚ್ಚರಿಕೆ ಇದೆ. ಒಳಮೂಲೆಗೆ ಬಂದಾಗ ಕಚ್ಚು ಒಮ್ಮೆಲೇ ಹೆಚ್ಚುತ್ತದೆ, ಸಾದಾ ಪಾಕೆಟ್ ಪಾಥ್‌ನಲ್ಲಿ ಈ ಫೀಡ್ ಕೊಟ್ಟರೆ ಟೂಲ್ ಅಲ್ಲೇ ಮುರಿಯುತ್ತದೆ. ಕಚ್ಚನ್ನು ಒಂದೇ ಸಮ ಇಡುವ ಪಾಥ್‌ಗೆ ಮಾತ್ರ ಇದು ಸಲ್ಲುತ್ತದೆ. ಪ್ರಯೋಗ ಮಾಡುವಾಗ ಒಂದು ಸಲಕ್ಕೆ ಒಂದೇ ಅಂಶ ಬದಲಿಸಿ. ಸ್ಪೀಡು, ಫೀಡು, ಕೂಲಂಟ್ ಮೂರನ್ನೂ ಒಟ್ಟಿಗೆ ಬದಲಿಸಿದರೆ ಜಾಬ್ ಸುಧಾರಿಸಿದರೂ ಯಾವುದರಿಂದ ಎಂದು ಯಾರಿಗೂ ಗೊತ್ತಾಗುವುದಿಲ್ಲ.

ಐದು ಆಕ್ಸಿಸ್ಸಿಗೆ ಈಗ ಬನ್ನಿ. ಐದೂ ಆಕ್ಸಿಸ್ ಒಟ್ಟಿಗೆ ತಿರುಗುವುದನ್ನು ನೋಡಿ ಹೆದರಬೇಡಿ. ಮೊದಲು ‘ಮೂರು ಕೂಡಿಸು ಎರಡು’ ಕಲಿಯಿರಿ: ಟೇಬಲನ್ನು ಒಂದು ಕೋನಕ್ಕೆ ತಿರುಗಿಸಿ ಲಾಕ್ ಮಾಡಿ, ಆಮೇಲೆ ನಿಮಗೆ ಗೊತ್ತಿರುವ ಮೂರು ಆಕ್ಸಿಸ್ ಕೆಲಸ. ಫಾನುಕ್ ಕಂಪನಿಯ ಕಂಟ್ರೋಲಿನಲ್ಲಿ (ಮಷೀನನ್ನು ನಡೆಸುವ ಕಂಪ್ಯೂಟರ್) ಜಿ 68.2 ಓರೆ ಸಮತಲವನ್ನು ಹೇಳುತ್ತದೆ, ಜಿ 53.1 ಟೂಲನ್ನು ಆ ಸಮತಲಕ್ಕೆ ಲಂಬ ಮಾಡುತ್ತದೆ, ಜಿ 69 ರದ್ದು ಮಾಡುತ್ತದೆ. ಸೀಮೆನ್ಸಿನಲ್ಲಿ ಇದೇ ಕೆಲಸಕ್ಕೆ ಸೈಕಲ್ 800. ಜಿ 53.1ಕ್ಕೆ ಮೊದಲು ಟೂಲನ್ನು ಸಾಕಷ್ಟು ಮೇಲೆತ್ತದಿದ್ದರೆ ಟೇಬಲ್ ತಿರುಗುವಾಗ ಜಾಬಿನ ಮೂಲೆ ಟೂಲಿಗೆ ಬಡಿಯುತ್ತದೆ. ಜಿ 69 ಮರೆತರೆ ಮುಂದಿನ ಚಲನೆ ಓರೆ ಲೆಕ್ಕದಲ್ಲೇ ನಡೆದು ವೈಸಿಗೆ (ಜಾಬ್ ಹಿಡಿದಿರುವ ದವಡೆಗೆ) ಹೋಗಿ ಕೂರಬಹುದು. ಮೊದಲ ಹತ್ತು ಪ್ರೋಗ್ರಾಮುಗಳಲ್ಲಿ ಈ ಮೂರು ಸಾಲುಗಳನ್ನು ಪೆನ್ಸಿಲಿನಲ್ಲಿ ಗುರುತು ಮಾಡಿ, ಸಿಂಗಲ್ ಬ್ಲಾಕ್ (ಒಂದೊಂದೇ ಸಾಲು ಓಡಿಸುವುದು) ಹಾಕಿ, ರ‍್ಯಾಪಿಡ್ (ಕತ್ತರಿಸದೆ ಓಡುವಾಗಿನ ವೇಗ) ಶೇ. 25ಕ್ಕೆ ಇಳಿಸಿ, ಪ್ರತಿ ಸಾಲಿಗೂ ಮೊದಲು ‘ಈಗ ಟೇಬಲ್ ಯಾವ ಕಡೆ ಬಾಗುತ್ತದೆ’ ಎಂದು ಬಾಯಿಬಿಟ್ಟು ಹೇಳಿ ಆಮೇಲೆ ಬಟನ್ ಒತ್ತಿ.

ಈ ಮಷೀನಿನಲ್ಲಿ ತಪ್ಪು ಬರುವ ದೊಡ್ಡ ಜಾಗ ತಿರುಗುವ ಕೇಂದ್ರ. ಕಂಟ್ರೋಲ್ ನಂಬಿರುವ ಕೇಂದ್ರಕ್ಕೂ ಟೇಬಲ್ ನಿಜಕ್ಕೂ ತಿರುಗುವ ಕೇಂದ್ರಕ್ಕೂ 0.02 ವ್ಯತ್ಯಾಸವಿದ್ದರೆ, 180 ಡಿಗ್ರಿ ತಿರುಗಿಸಿ ಕತ್ತರಿಸಿದಾಗ ಅದು 0.04 ಆಗಿ ಕಾಣುತ್ತದೆ. ಪರೀಕ್ಷಿಸಲು ಒಂದು ಅಲ್ಯೂಮಿನಿಯಂ ಬ್ಲಾಕ್ ಸಾಕು. ಟೇಬಲ್ ಕೇಂದ್ರವನ್ನೇ ಝೀರೋ ಇಟ್ಟುಕೊಂಡು, ತಿರುಗಿಸದೆ ಎಕ್ಸ್ +20ರಲ್ಲೂ −20ರಲ್ಲೂ ಎರಡು ಬದಿ ಕತ್ತರಿಸಿ ಅಗಲ ಅಳೆಯಿರಿ. ಆಮೇಲೆ ಅದೇ ಟೂಲಿನಿಂದ, ಅದಕ್ಕಿಂತ ಕೆಳಗಿನ ಹೊಸ ಲೋಹದಲ್ಲಿ, +20ರಲ್ಲಿ ಒಂದು ಬದಿ ಕತ್ತರಿಸಿ, ಸಿ ಆಕ್ಸಿಸನ್ನು (ತಿರುಗುವ ಟೇಬಲನ್ನು) 180 ಡಿಗ್ರಿ ತಿರುಗಿಸಿ ಮತ್ತೆ +20ರಲ್ಲೇ ಇನ್ನೊಂದು ಬದಿ ಕತ್ತರಿಸಿ ಅಳೆಯಿರಿ. ಟೂಲಿನ ವ್ಯಾಸದ ತಪ್ಪು ಎರಡರಲ್ಲೂ ಒಂದೇ ಆದ್ದರಿಂದ ಕಳೆದುಹೋಗುತ್ತದೆ. ಎರಡು ಅಗಲಗಳ ವ್ಯತ್ಯಾಸದ ಅರ್ಧವೇ ಎಕ್ಸ್ ಕಡೆಯ ಕೇಂದ್ರದ ತಪ್ಪು. ಬೆಳಗ್ಗೆ ತಣ್ಣಗಿನ ಮಷೀನಿನಲ್ಲೊಮ್ಮೆ, ಮೂರು ತಾಸು ಓಡಿದ ಮೇಲೊಮ್ಮೆ ಮಾಡಿ ನೋಡಿ, ಎರಡು ಅಂಕಿ ಒಂದೇ ಇರುವುದು ಅಪರೂಪ. ಈ ಎರಡು ಅಂಕಿ ನೋಟ್‌ಬುಕ್ಕಿನಲ್ಲಿರುವ ಸೆಟ್ಟರಿನ ಹತ್ತಿರ ಪ್ರೋಗ್ರಾಮರೇ ಬಂದು ಕೇಳುತ್ತಾನೆ.

ಆ ಹುಡುಗನ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನಿಮ್ಮ ಅತಿ ಹತ್ತಿರದ ಗುರು ಅವನೇ. ನಿಮ್ಮನ್ನು ‘ಕಾಕಾ’ ಎಂದು ಕರೆಯುವವನ ಪಕ್ಕ ಶಿಷ್ಯನಾಗಿ ಕೂರಲು ಸಂಕೋಚವಾಗುವುದು ಸಹಜ. ಕೊಡು-ಕೊಳ್ಳುವ ಲೆಕ್ಕ ಮಾಡಿಕೊಳ್ಳಿ. ಅವನು ಸ್ಕ್ರೀನಿನಲ್ಲಿ ಟೂಲ್ 60 ಮಿಮೀ ಹೊರಗೆ ಚಾಚಿಸಿ ಪ್ರೋಗ್ರಾಮ್ ಮಾಡಿರುತ್ತಾನೆ. ಜಾಬನ್ನು 15 ಡಿಗ್ರಿ ಓರೆ ಮಾಡಿದರೆ 40ರಲ್ಲಿ ಮುಗಿಯುತ್ತದೆ ಎಂದು ನಿಮ್ಮ ಕಣ್ಣಿಗೆ ಕಾಣುತ್ತದೆ. ಟೂಲ್ ಬಾಗುವುದು ಚಾಚಿನ ಘನಕ್ಕೆ ತಕ್ಕಂತೆ; 60ರಿಂದ 40ಕ್ಕೆ ಬಂದರೆ ಬಾಗು ಮೊದಲಿನದರ ಮೂರನೇ ಒಂದು ಪಾಲಿಗಿಂತಲೂ ಕಡಿಮೆ ಉಳಿಯುತ್ತದೆ. ಇದನ್ನು ನೀವು ಕೊಡಿ, ಅವನಿಂದ ವಾರಕ್ಕೆ ಅರ್ಧ ತಾಸು ತೆಗೆದುಕೊಳ್ಳಿ. ಕೇಳುವಾಗ ‘ಇದು ಹೇಗೆ ಮಾಡೋದು’ ಎಂದು ಕೇಳಬೇಡಿ, ಅವನು ಬೇಗ ಬೇಗ ಕ್ಲಿಕ್ ಮಾಡಿ ತೋರಿಸಿ ಮುಗಿಸುತ್ತಾನೆ. ‘ಇಲ್ಲಿ ಸ್ಟೆಪ್‌ಓವರ್ (ಪಕ್ಕದ ಕಚ್ಚು) 1 ಯಾಕೆ ಇಟ್ಟೆ, 4 ಯಾಕಿಲ್ಲ?’ ಎಂದು ಕೇಳಿ. ಮೌಸ್ ನಿಮ್ಮ ಕೈಯಲ್ಲಿರಲಿ, ಅವನು ಬಾಯಲ್ಲಿ ಹೇಳಲಿ.

ಇನ್ನೂ ಮೂವರು ಗುರುಗಳು ತಾವಾಗಿಯೇ ನಿಮ್ಮ ಫ್ಲೋರಿಗೆ ಬರುತ್ತಾರೆ: ಟೂಲ್ ಕಂಪನಿಯ ಟ್ರಯಲ್ ಮಾಡಿಸುವ ಎಂಜಿನಿಯರ್, ಮಷೀನಿನ ಸರ್ವಿಸ್ ಎಂಜಿನಿಯರ್, ಸಿಎಂಎಂ ಆಪರೇಟರ್. ಅವರು ಬಂದಾಗ ಚಹಾಕ್ಕೆ ಹೋಗಬೇಡಿ, ಪಕ್ಕದಲ್ಲಿ ನಿಲ್ಲಿ. ಮೊದಲೇ ಬರೆದಿಟ್ಟ ಮೂರು ಪ್ರಶ್ನೆ ಜೇಬಿನಲ್ಲಿರಲಿ.

ಸಮಯದ ಬಗ್ಗೆ. ವಾರಕ್ಕೊಮ್ಮೆ ಶಿಫ್ಟ್ ಬದಲಾಗುವವರು ‘ರಾತ್ರಿ 9ಕ್ಕೆ ಓದುತ್ತೇನೆ’ ಎಂದುಕೊಂಡರೆ ಎರಡನೇ ವಾರಕ್ಕೇ ಮುರಿಯುತ್ತದೆ. ಗಡಿಯಾರಕ್ಕೆ ಕಟ್ಟದೆ ಶಿಫ್ಟಿಗೆ ಕಟ್ಟಿ: ಡ್ಯೂಟಿ ಶುರುವಾಗುವ ಮೊದಲಿನ 25 ನಿಮಿಷ, ವಾರಕ್ಕೆ ಐದು ದಿನ, ಜೊತೆಗೆ ಗುರುವಾರ ಎರಡು ತಾಸು. ರಾತ್ರಿ ಪಾಳಿ ಮುಗಿಸಿ ಓದಲು ಕೂರಬೇಡಿ, ಮಲಗಿ. ನಿದ್ದೆಯಲ್ಲೇ ಕಲಿತದ್ದು ಗಟ್ಟಿಯಾಗುವುದು, ಅದನ್ನು ಕದ್ದು ಓದಿದರೆ ಎರಡೂ ಹೋಗುತ್ತವೆ. ಆರು ವಾರ ಡ್ರಾಯಿಂಗ್, ಮೂರು ವಾರ ಕಟಿಂಗ್ ಲೆಕ್ಕ, ಆಮೇಲೆ ಎಂಟು ಹತ್ತು ವಾರ ಕ್ಯಾಮ್ ಮತ್ತು ಓರೆ ಸಮತಲ. ಎರಡನ್ನು ಒಟ್ಟಿಗೆ ಶುರು ಮಾಡಬೇಡಿ.

ದುಡ್ಡು ಕೊಡುವ ಮೊದಲು ಎರಡು ಕಡೆ ವಿಚಾರಿಸಿ. ಮಷೀನ್ ಕೊಂಡಾಗ ಆರ್ಡರಿನಲ್ಲೇ ತರಬೇತಿ ಸೇರಿರುವುದುಂಟು, ಇಷ್ಟು ಜನಕ್ಕೆ, ಇಷ್ಟು ದಿನ ಎಂದು ಬರೆದಿರುತ್ತಾರೆ. ಮ್ಯಾನೇಜರರ ಹತ್ತಿರ ಆ ಕಾಗದ ನೋಡಲು ಕೇಳಿ, ಬಳಸದೆ ಬಿಟ್ಟ ದಿನಗಳಿದ್ದರೆ ನಿಮ್ಮ ಹೆಸರು ಹಾಕಿಸಿ. ಮಷೀನ್ ಟೂಲ್ ತಯಾರಕರ ಸಂಘವಾದ ಐಎಂಟಿಎಂಎ ಪುಣೆಯಲ್ಲೇ ತಂತ್ರಜ್ಞಾನ ಕೇಂದ್ರ ನಡೆಸುತ್ತದೆ, ಕೆಲಸದಲ್ಲಿರುವವರಿಗಾಗಿಯೇ ಕಡಿಮೆ ದಿನಗಳ ತರಬೇತಿ ಕೊಡುತ್ತದೆ. ಐಐಟಿಗಳ ಎನ್‌ಪಿಟಿಇಎಲ್ ಆನ್‌ಲೈನ್ ಪಾಠಗಳು ಉಚಿತ. ಮ್ಯಾನುಫ್ಯಾಕ್ಚರಿಂಗ್, ಮೆಟ್ರಾಲಜಿ (ಅಳತೆ ಶಾಸ್ತ್ರ) ವಿಷಯದವು ಅಲ್ಲಿವೆ, ಪರೀಕ್ಷೆ ಬೇಕಾದರೆ ಮಾತ್ರ ಶುಲ್ಕ. ಕ್ಯಾಮ್ ಅಭ್ಯಾಸಕ್ಕೆ ಫ್ರೀಕ್ಯಾಡ್ ಸಾಫ್ಟ್‌ವೇರ್ ಪೂರ್ತಿ ಉಚಿತ, ಅದರಲ್ಲಿ ಕ್ಯಾಮ್ ವಿಭಾಗವೂ ಇದೆ. ಕದ್ದ ಸಾಫ್ಟ್‌ವೇರನ್ನು ಕಂಪನಿಯ ಕಂಪ್ಯೂಟರಿನಲ್ಲಿ ಹಾಕಲೇಬೇಡಿ, ನೋಟಿಸ್ ಬರುವುದು ಮಾಲೀಕರಿಗೆ, ಕೆಲಸ ಹೋಗುವುದು ನಿಮ್ಮದು. ಮನೆಯಲ್ಲಿ ಕಲಿಯುವಾಗ ಪಾಠದಲ್ಲಿ ಕೊಟ್ಟ ಮಾದರಿ ಭಾಗವನ್ನು ಒಮ್ಮೆ ಮಾಡಿ ಬಿಡಿ. ಎರಡನೆಯದು ನೀವು ಈಗಾಗಲೇ ನೂರು ಸಲ ಕಟ್ಟಿ ಇಳಿಸಿದ ಯಾವುದಾದರೂ ಸರಳ ಬ್ರಾಕೆಟ್ ಆಗಿರಲಿ, ಅಳತೆಗಳನ್ನು ನೆನಪಿನಿಂದಲೇ ಬಿಡಿಸಿ. ಅದರ ನಿಜವಾದ ಸೈಕಲ್ ಟೈಮ್ ನಿಮಗೆ ಗೊತ್ತು, ಆದ್ದರಿಂದ ನಿಮ್ಮ ಪ್ರೋಗ್ರಾಮ್ ಎಲ್ಲಿ ಸುಮ್ಮನೆ ಗಾಳಿ ಕತ್ತರಿಸುತ್ತಿದೆ ಎಂಬುದು ಸಿಮ್ಯುಲೇಷನ್ನಿನಲ್ಲೇ ಕಾಣುತ್ತದೆ.

ಸರ್ಟಿಫಿಕೇಟಿನ ಬಗ್ಗೆ ಒಂದು ಮಾತು. ಕಂಪನಿ ಬದಲಿಸುವಾಗ ಅದು ಬಾಗಿಲು ತೆರೆಸಬಹುದು. ಇರುವ ಕಂಪನಿಯಲ್ಲಿ ಮೇಲೇರಲು ಅದಕ್ಕಿಂತ ಬಲವಾದದ್ದು ಒಂದೇ ಹಾಳೆ: ಎಡಕ್ಕೆ ಹಳೆಯ ವಿಧಾನ, ಎಷ್ಟು ಸೆಟಪ್, ಎಷ್ಟು ನಿಮಿಷ, ಎಷ್ಟು ರಿಜೆಕ್ಷನ್, ಬಲಕ್ಕೆ ನಿಮ್ಮದು. ದೊಡ್ಡ ಜಾಬ್ ಆರಿಸಬೇಡಿ. ತಿಂಗಳಿಗೆ ಎರಡು ಮೂರು ಸಲ ಬರುವ, ತಪ್ಪಿದರೂ ಕಚ್ಚಾ ಲೋಹ ಅಗ್ಗವಿರುವ, ನಾಲ್ಕು ಸೆಟಪ್ಪಿನ ಒಂದು ಚಿಕ್ಕ ಜಾಬ್ ಆರಿಸಿ. ಅದನ್ನು ಎರಡು ಸೆಟಪ್ಪಿಗೆ ತರುವ ಯೋಜನೆಯನ್ನು ಬರೆದು, ಹುಡುಗನಿಂದ ಒಮ್ಮೆ ತಿದ್ದಿಸಿ, ಮ್ಯಾನೇಜರರ ಮುಂದಿಟ್ಟು, ಗುರುವಾರ ಮಷೀನ್ ಖಾಲಿಯಿರುವಾಗ ಎರಡು ತಾಸು ಕೊಡಿ ಎಂದು ಕೇಳಿ. ಮೊದಲ ತುಂಡನ್ನು ಅಲ್ಯೂಮಿನಿಯಂನಲ್ಲಿ ಕತ್ತರಿಸಿ, ಸಿಎಂಎಂ ರೂಮಿಗೆ ಕಳಿಸುವ ಮೊದಲು ಪ್ರತಿ ಅಳತೆಯ ಪಕ್ಕ ನಿಮ್ಮ ಅಂದಾಜನ್ನು ಬರೆದು ದಿನಾಂಕ ಹಾಕಿಡಿ.